ಬಿಸಿಲಿತ್ತು, ಕರೆಂಟ್ ಇರಲಿಲ್ಲ

"ಫ್ರಿಜ್ಜಿನ ಸದ್ದೇ ಕೇಳಿಸುತ್ತಿಲ್ಲವಲ್ಲ?"

ಫಜ್ರ್ ನಮಾಝಿಗೆಂದು ಎದ್ದ ಉಮ್ಮ ಹೇಳಿದ ಈ ಒಂದು ಮಾತಿಗೆ ನಾನೂ ತಂಗಿಯೂ ಒಟ್ಟಿಗೆ ಎದ್ದು ಕೂತೆವು. ನಾವಿದ್ದದ್ದು ಮನೆಯಲ್ಲಲ್ಲ. ಆಸ್ಟ್ರೇಲಿಯಾದ ನಲ್ಲಾರ್ಬೋರ್ ಬಯಲಿನ ನಡುವೆ, ಹೆದ್ದಾರಿಯ ಪಕ್ಕದಲ್ಲಿ ನಿಲ್ಲಿಸಿದ್ದ ಕ್ಯಾಂಪರ್ ವ್ಯಾನಿನೊಳಗೆ. ಹತ್ತಿರದ ಪೆಟ್ರೋಲ್ ಬಂಕ್ ಎಂದರೆ ಎಪ್ಪತ್ತು ಕಿಲೋಮೀಟರ್. ಮೊಬೈಲಿಗೆ ಸಿಗ್ನಲ್ ಇಲ್ಲ. ಆ ಫ್ರಿಜ್ಜಿನಲ್ಲಿ ಉಮ್ಮನ ಎರಡು ತಿಂಗಳ ಇನ್ಸುಲಿನ್ ಇತ್ತು.

ಕ್ಯಾಂಪರ್ ಎಂದರೆ ಏನೆಂದು ನನಗೂ ಹೋಗುವ ಮೊದಲು ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಊರಿನ ಟೆಂಪೋ ಟ್ರಾವೆಲರ್‌ನಷ್ಟು ದೊಡ್ಡ ಗಾಡಿ. ಒಳಗೆ ಸೀಟುಗಳ ಬದಲು ಮಂಚ, ಒಲೆ, ಸಿಂಕ್, ಪುಟ್ಟ ಫ್ರಿಜ್. ಮೇಲೆ ಎರಡು ಸೋಲಾರ್ ಪ್ಯಾನೆಲ್. ಕೆಳಗೆ ಒಂದು ಬ್ಯಾಟರಿ. ಹೋಟೆಲ್ ಬುಕ್ ಮಾಡುವ ಗೊಡವೆಯಿಲ್ಲ, ಹಲಾಲ್ ಊಟ ಎಲ್ಲಿ ಸಿಗುತ್ತದೆ ಎಂದು ಹುಡುಕುವ ತಾಪತ್ರಯವಿಲ್ಲ. ತಂಗಿ ಅಡಿಲೇಡಿಗೆ ಹೋಗಿ ಹನ್ನೊಂದು ವರ್ಷವಾಗಿತ್ತು. 2024ರ ಜನವರಿಯಲ್ಲಿ ನಾನು ಉಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋದಾಗ ಅವಳು, ಅವಳ ಗಂಡ, ಇಬ್ಬರು ಮಕ್ಕಳು ಸೇರಿ ನಮ್ಮನ್ನು ಪರ್ತ್‌ವರೆಗೆ ರಸ್ತೆಯಲ್ಲೇ ಕರೆದೊಯ್ಯಲು ಎಲ್ಲ ತಯಾರಿ ಮಾಡಿಟ್ಟಿದ್ದರು. ಸುಮಾರು 2,700 ಕಿಲೋಮೀಟರ್. ಮಂಗಳೂರಿನಿಂದ ದಿಲ್ಲಿಗಿಂತಲೂ ದೂರ!

ಹೊರಡುವ ಮುನ್ನ ಶುಕ್ರವಾರ ಅಡಿಲೇಡಿನ ಲಿಟ್ಲ್ ಗಿಲ್ಬರ್ಟ್ ಬೀದಿಯ ಮಸೀದಿಗೆ ಹೋಗಿದ್ದೆವು. 1888-89ರಲ್ಲಿ ಕಟ್ಟಿದ್ದು. ಕಟ್ಟಿಸಿದವರು ಒಂಟೆ ಹೊಡೆಯುವವರು. ಹತ್ತೊಂಬತ್ತನೆಯ ಶತಮಾನದಲ್ಲಿ ಬಲೂಚಿಸ್ತಾನ, ಸಿಂಧ್, ಪಂಜಾಬ್, ಅಫ್ಘಾನಿಸ್ತಾನಗಳಿಂದ ಬಂದ ಇವರೇ ರೈಲು, ಲಾರಿ ಇಲ್ಲದ ಕಾಲದಲ್ಲಿ ಆ ಖಂಡದ ಒಡಲಿಗೆ ಹಿಟ್ಟು, ನೀರು, ತಂತಿ ಕಂಬ ಹೊತ್ತು ಸಾಗಿಸಿದವರು. ಅವರ ನೆನಪಿನಲ್ಲೇ ಅಲ್ಲಿನ ಒಂದು ರೈಲಿಗೆ ಇವತ್ತಿಗೂ 'ದಿ ಘಾನ್' ಎಂಬ ಹೆಸರಿದೆ. "ಫ್ರಿಜ್ಜೂ ಇಲ್ಲ, ಸೋಲಾರೂ ಇಲ್ಲ, ಅವರು ಹೋಗಿ ಬರಲಿಲ್ಲವಾ?" ಎಂದು ಉಮ್ಮ ಆಗ ನಕ್ಕಿದ್ದರು. ಫ್ರಿಜ್ ನಿಂತ ಬೆಳಿಗ್ಗೆ ಆ ನಗು ಯಾರಿಗೂ ನೆನಪಾಗಲಿಲ್ಲ.

ನಲ್ಲಾರ್ಬೋರ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ 'ಮರವಿಲ್ಲದ್ದು'. ಹೆಸರಿಗೆ ತಕ್ಕ ನೆಲ. ಕೈಗುನಾ ಎಂಬಲ್ಲಿಂದ ಆಚೆ 146.6 ಕಿಲೋಮೀಟರ್ ರಸ್ತೆ ಒಂದೇ ಒಂದು ತಿರುವಿಲ್ಲದೆ ಹೋಗುತ್ತದೆ. ಅಲ್ಲಲ್ಲಿ ಡಾಂಬರಿನ ಮೇಲೆ ಬಿಳಿ ಪಟ್ಟೆಗಳಿವೆ. ತುರ್ತು ರೋಗಿಗಳನ್ನು ಕರೆದೊಯ್ಯಲು ವಿಮಾನ ಆ ರಸ್ತೆಯ ಮೇಲೆಯೇ ಇಳಿಯುತ್ತದೆಯಂತೆ. ಇದನ್ನು ಕೇಳಿ ಮಕ್ಕಳಿಗೆ ಖುಷಿ, ನನಗೆ ಹೊಟ್ಟೆಯಲ್ಲಿ ಏನೋ ಒಂಥರಾ. 2020ರ ಜನವರಿಯಲ್ಲಿ ಕಾಳ್ಗಿಚ್ಚಿನಿಂದಾಗಿ ಈ ಹೆದ್ದಾರಿ ಸುಮಾರು ಹನ್ನೆರಡು ದಿನ ಮುಚ್ಚಿ, ಪ್ರಯಾಣಿಕರು ನಡುದಾರಿಯಲ್ಲೇ ಉಳಿದುಬಿಟ್ಟಿದ್ದರು. ಹಾಗಾಗಿ ಆ ದಾರಿಯಲ್ಲಿ ಬೇಕಾದದ್ದಕ್ಕಿಂತ ಹೆಚ್ಚೇ ನೀರು, ಸಾಮಾನು ಇಟ್ಟುಕೊಂಡು ಹೊರಡುವುದು ಒಳ್ಳೆಯದು.

ನಾವು ಅಲ್ಲಿ ನಿಂತದ್ದು ತಂಗಿಯ ಗಂಡನಿಗೆ ಜ್ವರ ಬಂದದ್ದರಿಂದ. ಒಂದು ದಿನ ಮಲಗಲಿ ಎಂದುಕೊಂಡದ್ದು ಎರಡು ದಿನವಾಯಿತು. ಎರಡನೆಯ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ.

ಇಲ್ಲೊಂದು ವಿಷಯ ಹೇಳಬೇಕು. ವ್ಯಾನ್ ಓಡುತ್ತಿರುವಾಗ ಎಂಜಿನ್ನಿನಿಂದಲೂ ಈ ಬ್ಯಾಟರಿ ಚಾರ್ಜ್ ಆಗುತ್ತದೆ. ಆದ್ದರಿಂದ ಸೋಲಾರ್ ಯಾವತ್ತು ಕೈಕೊಟ್ಟಿತೋ ನಮಗೆ ತಿಳಿದೇ ಇಲ್ಲ. ದಿನವೂ ಆರೇಳು ತಾಸು ಓಡುತ್ತಿದ್ದೆವು, ಬ್ಯಾಟರಿ ತುಂಬಿರುತ್ತಿತ್ತು, ಎಲ್ಲ ಸರಿಯಾಗಿದೆ ಎಂದುಕೊಂಡಿದ್ದೆವು. ನಿಂತ ಮೇಲಷ್ಟೇ ಗುಟ್ಟು ರಟ್ಟಾಯಿತು. ಬ್ಯಾಟರಿ 100 ಆಂಪಿಯರ್ ಅವರ್. ಆ ಸೆಖೆಯಲ್ಲಿ ಫ್ರಿಜ್ ಒಂದೇ ದಿನಕ್ಕೆ ಅದರ ಅರ್ಧದಷ್ಟನ್ನು ನುಂಗುತ್ತದೆ. ಫ್ಯಾನ್, ದೀಪ, ನೀರಿನ ಪಂಪ್ ಬೇರೆ.

ಮೊದಲು ಇನ್ಸುಲಿನ್ ವಿಚಾರ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಬಳಸುತ್ತಿರುವ ಪೆನ್ನನ್ನು ಹೊರಗಿಟ್ಟರೂ ಸಾಮಾನ್ಯವಾಗಿ ನಾಲ್ಕು ವಾರ ಕೆಡುವುದಿಲ್ಲ, ಆದರೆ ಬಿಸಿ 25-30 ಡಿಗ್ರಿ ದಾಟಬಾರದು. ಆ ಹೊತ್ತಿಗೆ ಫ್ರಿಜ್ಜಿನೊಳಗೆ 14 ಡಿಗ್ರಿ ಇತ್ತು. ಆಗಲೇ ಕೆಟ್ಟಿರಲಿಲ್ಲ. ಆದರೆ ಹಿಂದಿನ ಮಧ್ಯಾಹ್ನ ಹೊರಗೆ 43 ಡಿಗ್ರಿ. ವ್ಯಾನಿನೊಳಗೆ ಇನ್ನೂ ಹೆಚ್ಚು. ಹಿಂದಿನ ಬಂಕಿನಲ್ಲಿ ಕೊಂಡ ಐಸ್ ಅರ್ಧ ಕರಗಿ ಐಸ್ ಪೆಟ್ಟಿಗೆಯಲ್ಲಿತ್ತು. ತಂಗಿ ಪೆನ್ನುಗಳನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಐಸಿಗೆ ತಾಗದಂತೆ ಇಟ್ಟಳು. ಹೆಚ್ಚಿನವರು ಇಲ್ಲೇ ತಪ್ಪುತ್ತಾರೆ. ಇನ್ಸುಲಿನ್ ಬಿಸಿಯಾದರೆ ಹೇಗೆ ಕೆಡುತ್ತದೋ ಹೆಪ್ಪುಗಟ್ಟಿದರೂ ಹಾಗೆಯೇ ಕೆಡುತ್ತದೆ. ಒಮ್ಮೆ ಗಟ್ಟಿಯಾದದ್ದು ಮತ್ತೆ ಕರಗಿದರೂ ಪ್ರಯೋಜನವಿಲ್ಲ, ಎಸೆಯಬೇಕು.

"ಹೊರಟುಬಿಡೋಣ, ಓಡಿದರೆ ಚಾರ್ಜ್ ಆಗುತ್ತದಲ್ಲ" ಎಂದೆ ನಾನು. ಗಂಡನಿಗೆ ಜ್ವರವಿದ್ದರೂ ತಂಗಿಗೆ ಡ್ರೈವಿಂಗ್ ಗೊತ್ತು.

"ಹೊರಡಬಹುದು ಅಕ್ಕ. ಆದರೆ ಸೋಲಾರ್ ಯಾಕೆ ನಿಂತಿತು ಅಂತ ಗೊತ್ತಾಗದೆ ಹೊರಡುವುದು ಬೇಡ. ಮೇಲೆ ಏನಾದರೂ ಸುಟ್ಟಿದ್ದರೆ ಅದು ಮಕ್ಕಳ ತಲೆಯ ಮೇಲೆಯೇ ಇದೆ" ಎಂದಳು.

ನನ್ನ ಈ ತಂಗಿ ಮದುವೆಗೆ ಮುಂಚೆ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದಾಳೆ. ಫಸ್ಟ್ ಕ್ಲಾಸ್. ಬಳಿಕ ಮದುವೆ, ಹೆರಿಗೆ, ವಿದೇಶ. ಸರ್ಟಿಫಿಕೇಟು ನಮ್ಮ ಮನೆಯ ಕಪಾಟಿನಲ್ಲೇ ಉಳಿಯಿತು. "ಅಷ್ಟು ಖರ್ಚು ಮಾಡಿ ಓದಿಸಿದ್ದು ಯಾಕಾಗಿ?" ಎಂದು ಸಂಬಂಧಿಕರು ಕೇಳುವಾಗ ಉಮ್ಮನ ಬಳಿ ಉತ್ತರವಿರುತ್ತಿರಲಿಲ್ಲ. ಈ ವ್ಯಾನಿನ ಕೆಲಸವನ್ನೂ ಅವರು ಹಣ ಕೊಟ್ಟು ಹೊರಗೆ ಮಾಡಿಸಿದ್ದರು. ಗ್ಯಾರೇಜಿನವನು ವಿವರಿಸುವಾಗಲೆಲ್ಲ ಅವಳ ಗಂಡನ ಮುಖ ನೋಡಿಯೇ ಮಾತಾಡಿದನಂತೆ. ಪಾಪ, ಅವರಿಗೆ ಫ್ಯೂಸ್ ಯಾವುದೆಂದೂ ಗೊತ್ತಿಲ್ಲ!

ಜ್ವರದಲ್ಲೇ ಅವರು ಏಣಿ ಹತ್ತಿ ಪ್ಯಾನೆಲ್ ಮೇಲಿನ ಕೆಂಪು ಧೂಳು ಒರೆಸಿ ಬಂದರು. ಏನೂ ಆಗಲಿಲ್ಲ. ಧೂಳಿನಿಂದ ಸ್ವಲ್ಪ ಕಡಿಮೆಯಾಗಬಹುದು, ಪೂರ್ತಿ ನಿಲ್ಲುವುದಿಲ್ಲ ಎಂದು ತಂಗಿ ಹೇಳಿದ್ದಳು. ಗಂಡಸಿಗೆ ಏನಾದರೂ ಮಾಡಿದ ಸಮಾಧಾನ ಬೇಕಿತ್ತು, ಇರಲಿ.

ಎಂಟು ಗಂಟೆಗೆ ಬಿಸಿಲೇರಿದ ಮೇಲೆ ತಂಗಿ ಮಲ್ಟಿಮೀಟರ್ ತೆಗೆದಳು. ಪ್ಯಾನೆಲ್‌ನಿಂದ ಬರುವ ವಯರು ಮಾಡಿನಲ್ಲಿ ಒಂದು ತೂತಿನ ಮೂಲಕ ಇಳಿದು, ಒಂದು ಬ್ರೇಕರ್ ದಾಟಿ, ಚಾರ್ಜ್ ಕಂಟ್ರೋಲರ್ ಎಂಬ ಡಬ್ಬಿಗೆ ಸೇರುತ್ತದೆ. ಬ್ರೇಕರ್ ಆಫ್ ಮಾಡಿ ಮೇಲಿನಿಂದ ಬರುವ ವಯರಿಗೆ ಮೀಟರ್ ಹಿಡಿದರೆ 21 ವೋಲ್ಟ್. ಸರಿಯಾಗಿಯೇ ಇದೆ! ಆನ್ ಮಾಡಿದರೆ ಸರ್ರನೆ 12ಕ್ಕೆ ಇಳಿಯುತ್ತದೆ. ಕಂಟ್ರೋಲರಿನಲ್ಲಿ ಅರ್ಧ ಆಂಪಿಯರ್ ಕೂಡ ಇಲ್ಲ. ಆ ಹೊತ್ತಿಗೆ ಎಂಟು ಹತ್ತು ಆಂಪಿಯರ್ ಆದರೂ ಇರಬೇಕಿತ್ತು.

"ಪ್ಯಾನೆಲ್ ಹಾಳಾಗಿಲ್ಲ, ದಾರಿಯಲ್ಲಿ ಎಲ್ಲೋ ಜಾಯಿಂಟ್ ಹೋಗಿದೆ" ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ವಿವರಿಸಿದ್ದನ್ನು ಹಾಗೆಯೇ ಬರೆಯುತ್ತೇನೆ. ಮನೆಯ ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಕಸ ಕಟ್ಟಿಕೊಂಡು ಸೂಜಿ ಮೊನೆಯಷ್ಟು ಜಾಗ ಮಾತ್ರ ಉಳಿದಿದೆ ಎಂದುಕೊಳ್ಳಿ. ನಳ್ಳಿ ಮುಚ್ಚಿದ್ದಾಗ ಪೈಪಿನ ತುದಿಯವರೆಗೂ ನೀರಿನ ಒತ್ತಡ ಇದ್ದೇ ಇರುತ್ತದೆ. ನಳ್ಳಿ ತಿರುಗಿಸಿದರೆ ಮಾತ್ರ ತೊಟ್ಟು ತೊಟ್ಟು. ಮಲ್ಟಿಮೀಟರ್ ತಾನು ಕರೆಂಟ್ ಎಳೆಯುವುದು ತೀರಾ ಕಡಿಮೆ, ಅದು ಮುಚ್ಚಿದ ನಳ್ಳಿ ಇದ್ದ ಹಾಗೆ. ಹಾಗಾಗಿ ಅದು 21 ವೋಲ್ಟ್ ತೋರಿಸುತ್ತದೆ. ಬ್ಯಾಟರಿ ಕರೆಂಟ್ ಕೇಳಿದಾಗ ಬಣ್ಣ ಬಯಲಾಗುತ್ತದೆ. ಬರೀ ವೋಲ್ಟೇಜ್ ನೋಡಿ "ಎಲ್ಲ ಸರಿಯಿದೆ" ಎಂದು ಹೇಳಿ ಹೋಗುವ ರಿಪೇರಿಯವರು ಎಡವುವುದು ಇಲ್ಲೇ.

ದುಪಟ್ಟಾದ ತುದಿಗಳನ್ನು ಬಿಗಿಯಾಗಿ ಒಳಗೆ ಸಿಕ್ಕಿಸಿಕೊಂಡು ತಂಗಿ ಏಣಿ ಹತ್ತಿದಳು. ನಾನು ಕೆಳಗೆ ಹಿಡಿದುಕೊಂಡೆ. ಎರಡೂ ಪ್ಯಾನೆಲ್‌ಗಳ ವಯರುಗಳು ಒಂದುಗೂಡುವಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಕನೆಕ್ಟರುಗಳಿವೆ. ಇವಕ್ಕೆ ಎಂ.ಸಿ.4 ಎನ್ನುತ್ತಾರೆ. ಲೋಕದ ಹೆಚ್ಚುಕಡಿಮೆ ಎಲ್ಲ ಸೋಲಾರ್ ಪ್ಯಾನೆಲ್‌ಗಳಲ್ಲೂ ಇರುವುದು ಇದೇ ಮಾದರಿ. ಗಂಡು ಹೆಣ್ಣು ಎರಡು ತುಂಡುಗಳು, ಒತ್ತಿದರೆ ಟಿಕ್ ಎಂದು ಕೂರುತ್ತವೆ, ಮಳೆ ನೀರು ಒಳಗಿಳಿಯುವುದಿಲ್ಲ.

"ಅಕ್ಕ, ಇಲ್ಲಿ ನೋಡು" ಎಂದು ಫೋನಿನಲ್ಲಿ ಫೋಟೊ ತೆಗೆದು ಕೆಳಗೆ ಚಾಚಿದಳು. ಒಂದು ಕನೆಕ್ಟರ್ ಮೇಣದಂತೆ ಕರಗಿ ಸೊಟ್ಟಗಾಗಿತ್ತು. ಸುತ್ತ ಮಾಡಿನ ಬಿಳಿ ಬಣ್ಣ ಕಂದಾಗಿತ್ತು. ಅದರ ನೇರ ಕೆಳಗೆ, ಎರಡು ಇಂಚಿನ ತಗಡು ಮತ್ತು ಫೋಮಿನ ಆಚೆ, ಮಕ್ಕಳು ಮಲಗುವ ಮೇಲಿನ ಮಂಚ.

ಉಮ್ಮ ಫೋಟೊ ನೋಡಿ ಮಾತಾಡಲಿಲ್ಲ. ಮಕ್ಕಳಿಬ್ಬರನ್ನೂ ಹತ್ತಿರ ಕರೆದು ಕೂರಿಸಿಕೊಂಡರು.

ಇದು ಹೇಗಾಯಿತು? ಕನೆಕ್ಟರಿನ ಒಳಗೆ ಒಂದು ಲೋಹದ ಪಿನ್ ಇರುತ್ತದೆ. ವಯರಿನ ತಾಮ್ರದ ಎಳೆಗಳನ್ನು ಅದರೊಳಗಿಟ್ಟು, ಅದಕ್ಕೆಂದೇ ಇರುವ ಕ್ರಿಂಪಿಂಗ್ ಟೂಲಿನಿಂದ ಒತ್ತಬೇಕು. ಆಗ ತಾಮ್ರವೂ ಪಿನ್ನೂ ಒಂದೇ ಲೋಹವೇನೋ ಎಂಬಂತೆ ಬಿಗಿಯಾಗುತ್ತವೆ. ಗ್ಯಾರೇಜಿನವನು ಸಾದಾ ಕಟ್ಟಿಂಗ್ ಪ್ಲೇಯರ್‌ನಲ್ಲಿ ಚಪ್ಪಟೆ ಮಾಡಿ ಬಿಟ್ಟಿದ್ದ. ಸಾಲದ್ದಕ್ಕೆ ಗಂಡು ಒಂದು ಕಂಪೆನಿಯದ್ದು, ಹೆಣ್ಣು ಇನ್ನೊಂದರದ್ದು. ನೋಡಲು ಒಂದೇ ಥರ, ಕೂರುವುದೂ ಕೂರುತ್ತದೆ, ಆದರೆ ಒಳಗಿನ ಹಿಡಿತ ಒಂದೇ ಅಲ್ಲ. ವಯರನ್ನು ಎಲ್ಲಿಯೂ ಕಟ್ಟದೆ ಬಿಟ್ಟಿದ್ದರಿಂದ ನೂರು ಕಿಲೋಮೀಟರ್ ವೇಗದ ಗಾಳಿಗೆ ದಿನವಿಡೀ ಅಲುಗಾಡಿದೆ. ಜಾಯಿಂಟ್ ಸಡಿಲವಾಗುತ್ತ ಬಂದಿದೆ. ಸಡಿಲವಾದಷ್ಟೂ ಬಿಸಿ, ಬಿಸಿಯಾದಷ್ಟೂ ಸಡಿಲ. ತಂಗಿ ಲೆಕ್ಕ ಹೇಳಿದಳು: ಹದಿನೈದು ಆಂಪಿಯರ್ ಹರಿಯುವಲ್ಲಿ ಓಮ್‌ನ ಹತ್ತನೇ ಒಂದು ಭಾಗದಷ್ಟು ಅಡ್ಡಿಯಿದ್ದರೂ ಆ ಜಾಗದಲ್ಲಿ 22 ವಾಟ್ ಶಾಖ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಕಡ್ಡಿಯಷ್ಟು. ಬೆರಳುದ್ದದ ಪ್ಲಾಸ್ಟಿಕ್ಕಿನೊಳಗೆ ಸೋಲ್ಡರಿಂಗ್ ಕಡ್ಡಿ ಉರಿಯುತ್ತಿದ್ದರೆ ಹೇಗಿರಬೇಡ!

ಮನೆಯ ಎ.ಸಿ. ಕರೆಂಟಿನಲ್ಲಿ ಕಿಡಿ ಹಾರಿದರೂ ಅದು ಬೇಗ ಆರಲು ಅವಕಾಶವಿದೆ, ಏಕೆಂದರೆ ಅದು ಸೆಕೆಂಡಿಗೆ ನೂರು ಸಲ ಸೊನ್ನೆಯನ್ನು ಮುಟ್ಟಿ ಬರುತ್ತದೆ. ಸೋಲಾರಿನದ್ದು ಡಿ.ಸಿ., ಅದು ಸೊನ್ನೆಗೆ ಇಳಿಯುವುದೇ ಇಲ್ಲ. ಕಿಡಿ ಒಮ್ಮೆ ಹಿಡಿದರೆ ಉರಿಯುತ್ತಲೇ ಇರುತ್ತದೆ. ಅದಕ್ಕೇ ಕರೆಂಟ್ ಹರಿಯುತ್ತಿರುವಾಗ ಈ ಕನೆಕ್ಟರುಗಳನ್ನು ಎಳೆದು ಬಿಡಿಸಬಾರದು.

ಇನ್ನೊಂದು ತೊಡಕು. ಮನೆಯ ವಯರಿಂಗ್ ಮುಟ್ಟುವಾಗ ಮೇನ್ ಸ್ವಿಚ್ ಆಫ್ ಮಾಡುತ್ತೇವೆ. ಸೂರ್ಯನಿಗೆ ಎಲ್ಲಿದೆ ಮೇನ್ ಸ್ವಿಚ್? ಬ್ರೇಕರ್ ಆಫ್ ಮಾಡಿದರೂ ಬಿಸಿಲು ಬೀಳುವವರೆಗೆ ಪ್ಯಾನೆಲ್‌ನ ವಯರಿನಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ತಂಗಿ ಉಮ್ಮನ ದಪ್ಪ ರಜಾಯಿಯನ್ನು ಕೇಳಿದಳು. ಚಳಿಯಾದರೆ ಎಂದು ಉಮ್ಮ ಊರಿನಿಂದ ಹೊತ್ತು ತಂದದ್ದು. ಜನವರಿ ಎಂದರೆ ಅಲ್ಲಿ ಕಡು ಬೇಸಿಗೆ ಎಂದು ಎಷ್ಟು ಹೇಳಿದರೂ ಕೇಳಿರಲಿಲ್ಲ. ಆ ರಜಾಯಿ ಒಂದು ಪ್ಯಾನೆಲಿಗೆ, ಮಕ್ಕಳ ಎರಡು ಹೊದಿಕೆ ಇನ್ನೊಂದಕ್ಕೆ. ಗಾಳಿಗೆ ಹಾರದಂತೆ ಹಗ್ಗ. ಮೀಟರ್ ಹಿಡಿದು ವೋಲ್ಟೇಜ್ ಬಿದ್ದದ್ದನ್ನು ನೋಡಿಕೊಂಡ ಮೇಲೆಯೇ ಅವಳು ವಯರಿಗೆ ಕೈ ಹಾಕಿದ್ದು.

ಅವಳ ಬಳಿ ಹೊಸ ಕನೆಕ್ಟರ್ ಜೋಡಿಯಿತ್ತು, ಕ್ರಿಂಪಿಂಗ್ ಟೂಲ್ ಇರಲಿಲ್ಲ. ಸ್ವಲ್ಪ ದೂರದಲ್ಲಿ ಇನ್ನೊಂದು ವ್ಯಾನ್ ನಿಂತಿತ್ತು. ಕೆಲಸದಿಂದ ನಿವೃತ್ತರಾದ ಮೇಲೆ ಹೀಗೆ ಗಾಡಿಯಲ್ಲೇ ದೇಶ ಸುತ್ತುವವರು ಅಲ್ಲಿ ಬಹಳ. ಅವರಿಗೆ 'ಗ್ರೇ ನೋಮಾಡ್ಸ್' ಎನ್ನುತ್ತಾರೆ, ನರೆಗೂದಲಿನ ಅಲೆಮಾರಿಗಳು. ಈ ವ್ಯಾನಿನಲ್ಲಿದ್ದದ್ದು ಎಪ್ಪತ್ತು ದಾಟಿದ ಹೆಂಗಸು, ಒಬ್ಬರೇ. ತಂಗಿ ಹೋಗಿ ಕೇಳಿದಾಗ ಅವರು ಹಾಸಿಗೆಯ ಕೆಳಗಿನಿಂದ ಒಂದು ಪೆಟ್ಟಿಗೆ ಎಳೆದರು. ನಮ್ಮ ಮನೆಯ ಹೊಲಿಗೆ ಡಬ್ಬಿಯ ಹಾಗೆ ಒಪ್ಪವಾಗಿ ಜೋಡಿಸಿಟ್ಟ ಉಪಕರಣಗಳು. ಟೂಲ್ ಕೊಟ್ಟು ತಾವೂ ಬಂದರು. ಮೇಲೆ ಹತ್ತಲಿಲ್ಲ, ಕೆಳಗೆ ನಿಂತು ಒಂದೊಂದು ಮಾತು ಹೇಳುತ್ತಿದ್ದರು. ಉಮ್ಮ ಅವರಿಗೆ ಚಾ ಮಾಡಿಕೊಟ್ಟರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಇಬ್ಬರೂ ಮಾಡಿನ ಕಡೆಗೇ ನೋಡುತ್ತ ಚಾ ಕುಡಿದರು.

ಸುಟ್ಟ ವಯರನ್ನು ಕತ್ತರಿಸಿದರೆ ಒಳಗೆ ತಾಮ್ರ ಕಪ್ಪು. ಇನ್ನೊಂದು ಇಂಚು ಕತ್ತರಿಸಿದರೂ ಕಪ್ಪು. ಬಿಸಿಗೆ ತಾಮ್ರ ಒಳಗೊಳಗೇ ಕಪ್ಪಾಗಿರುತ್ತದೆ, ಅದರ ಮೇಲೆಯೇ ಹೊಸ ಕನೆಕ್ಟರ್ ಹಾಕಿದರೆ ಮತ್ತೆ ಅದೇ ಕಥೆ. ಹೊಸ ಕೊಡದಂತೆ ಹೊಳೆಯುವ ತಾಮ್ರ ಕಾಣುವವರೆಗೂ ಕತ್ತರಿಸಿದಳು. ಒತ್ತಿದ ಮೇಲೆ ಆ ಹಿರಿಯ ಹೆಂಗಸು "ಎಳೆದು ನೋಡು" ಎಂದರು. ಪಿನ್ ಹಿಡಿದು ಜೋರಾಗಿ ಎಳೆದರೆ ವಯರು ಬರಬಾರದು. ಮೊದಲನೆಯದು ಬಂದುಬಿಟ್ಟಿತು! ಎರಡನೆಯ ಸಲ ಗಟ್ಟಿಯಾಗಿ ಕೂತಿತು. ಜೋಡಿಯ ಎರಡೂ ತುಂಡುಗಳನ್ನು ಒಂದೇ ಕಂಪೆನಿಯದ್ದೇ ಹಾಕಿದಳು. ಪ್ಲಸ್ ಮೈನಸ್ ಅದಲುಬದಲಾಗಿಲ್ಲ ಎಂದು ಮೀಟರಿನಲ್ಲಿ ನೋಡಿದಳು. ವಯರನ್ನು ಅಲುಗಾಡದಂತೆ ಗೇಣಿಗೊಂದರಂತೆ ಪ್ಯಾನೆಲ್‌ನ ಚೌಕಟ್ಟಿಗೆ ಕಟ್ಟಿದಳು. ಇದಕ್ಕೆ ಬಿಸಿಲು ತಡೆಯುವ ಟೈ ಬೇಕು. ಬಿಳಿಯ ಸಾದಾ ಟೈ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಪುಡಿಯಾಗುತ್ತದೆ.

ರಜಾಯಿ ತೆಗೆದು, ಬ್ರೇಕರ್ ಹಾಕಿದಾಗ ಹತ್ತು ಗಂಟೆ. ಕಂಟ್ರೋಲರಿನಲ್ಲಿ 13 ಆಂಪಿಯರ್. ಸ್ವಲ್ಪ ಹೊತ್ತಿನಲ್ಲಿ ಫ್ರಿಜ್ ಗುರ್ ಎಂದಿತು. ಉಮ್ಮ "ಅಲ್‌ಹಮ್ದುಲಿಲ್ಲಾಹ್" ಎಂದರು. ಅರ್ಧ ಗಂಟೆ ಬಿಟ್ಟು ತಂಗಿ ಮತ್ತೆ ಏಣಿ ಹತ್ತಿ ಆ ಜಾಯಿಂಟನ್ನು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿದಳು. ಪಕ್ಕದ ಜಾಯಿಂಟಿನಷ್ಟೇ ಬಿಸಿ, ಹೆಚ್ಚಿಲ್ಲ. ಇಳಿದು ಬಂದವಳ ಅಂಗೈ ಏಣಿಯ ಬಿಸಿಗೆ ಕೆಂಪಾಗಿತ್ತು. ಉಮ್ಮ ಅದಕ್ಕೆ ತಣ್ಣೀರು ಹಾಕುತ್ತ, "ನಿನ್ನ ಆ ಸರ್ಟಿಫಿಕೇಟು ಕಪಾಟಿನ ಎರಡನೇ ಖಾನೆಯಲ್ಲಿದೆ, ಮುಂದಿನ ಸಲ ಬರುವವರ ಕೈಯಲ್ಲಿ ಕಳಿಸಲಾ?" ಎಂದು ಕೇಳಿದರು.

ಕ್ಯಾಂಪರ್ ನಮ್ಮಲ್ಲಿ ಎಷ್ಟು ಮಂದಿಗಿದೆ ಎಂದು ನೀವು ಕೇಳಬಹುದು. ಆದರೆ 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಪಿಎಂ ಸೂರ್ಯ ಘರ್ ಯೋಜನೆ ಆರಂಭಿಸಿ 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಘೋಷಿಸಿದ ಮೇಲೆ ನಮ್ಮ ಊರಿನ ತಾರಸಿಗಳ ಮೇಲೂ ಪ್ಯಾನೆಲ್‌ಗಳು ಏರತೊಡಗಿವೆ. ಅದೇ ಮಾದರಿಯ ಕಪ್ಪು ಕನೆಕ್ಟರುಗಳು. ಒಂದು ದೊಡ್ಡ ವ್ಯತ್ಯಾಸವನ್ನು ಮಾತ್ರ ಸಹೋದರಿಯರು ದಯವಿಟ್ಟು ಗಮನಿಸಬೇಕು. ವ್ಯಾನಿನ ಮೇಲಿದ್ದದ್ದು 21 ವೋಲ್ಟ್, ಅದು ಮನುಷ್ಯರನ್ನು ಕೊಲ್ಲುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಕೂಡ 240 ವೋಲ್ಟಿನ ವಯರಿಂಗ್ ಮುಟ್ಟಲು ಲೈಸೆನ್ಸ್ ಬೇಕು, ತಂಗಿ ಅದಕ್ಕೆ ಕೈ ಹಾಕುವುದಿಲ್ಲ. ಮನೆಯ ತಾರಸಿಯಲ್ಲಿ ಆರು ಪ್ಯಾನೆಲ್‌ಗಳನ್ನು ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸಿದರೆ ಸುಮಾರು 300 ವೋಲ್ಟ್ ಡಿ.ಸಿ. ಆಗಬಹುದು. ಅದು ಪ್ರಾಣ ತೆಗೆಯುವ ವೋಲ್ಟೇಜ್. ಒಣ ಹಾಕಿದ ಬಟ್ಟೆ ತೆಗೆಯಲು ಹೋದಾಗ ಆ ವಯರುಗಳನ್ನು ಮುಟ್ಟುವುದು, ಸರಿಸುವುದು ಬೇಡ. ಮಕ್ಕಳಿಗೂ ಹೇಳಿಡಿ.

ಮುಟ್ಟದೆಯೂ ನಾವು ಮಾಡಬಹುದಾದದ್ದು ಬೇಕಾದಷ್ಟಿದೆ. ದಿನಕ್ಕೆ ಎಷ್ಟು ಯೂನಿಟ್ ಆಯಿತೆಂದು ಇನ್ವರ್ಟರಿನಲ್ಲಿ ಬರುತ್ತದೆ. ಹಾಲಿನ ಲೆಕ್ಕದ ಹಾಗೆ ಅದನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಿ. ಬಿಸಿಲಿದ್ದರೂ ಯೂನಿಟ್ ಕುಸಿದರೆ ಕರೆಸಿ ಕೇಳಿ. ಕರಾವಳಿಯ ಉಪ್ಪು ಗಾಳಿಗೆ ಲೋಹ ಬೇಗ ಕಿಲುಬುಗಟ್ಟುತ್ತದೆ. ಇಲಿ, ಅಳಿಲುಗಳಿಗೆ ವಯರು ಕಡಿಯುವುದೆಂದರೆ ಇಷ್ಟ. ಮಳೆಗಾಲಕ್ಕೆ ಮುಂಚೆ ಒಮ್ಮೆ ತಿಳಿದವರಿಂದ ನೋಡಿಸಿದರೆ ಒಳ್ಳೆಯದು. ಕನೆಕ್ಟರುಗಳು ತಾರಸಿಯ ನೆಲದಲ್ಲಿ ನೀರು ನಿಲ್ಲುವಲ್ಲಿ ಬಿದ್ದಿರಬಾರದು ಎಂಬುದನ್ನು ದೂರದಿಂದಲೇ ಯಾರೂ ನೋಡಬಹುದು.

ಆ ವರ್ಷ ಮಳೆಗಾಲ ಮುಗಿದ ಮೇಲೆ ನಮ್ಮ ಮನೆಗೂ ಸೋಲಾರ್ ಹಾಕಿಸಿದೆವು. ಇಬ್ಬರು ಹುಡುಗರು ಬಂದು ಮೇಲೆ ಕೆಲಸ ಮಾಡುತ್ತಿದ್ದರು. ಉಮ್ಮ ನಿಧಾನಕ್ಕೆ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತರು. ಒಬ್ಬ ಹುಡುಗನ ಕೈಯಲ್ಲಿ ಕಟ್ಟಿಂಗ್ ಪ್ಲೇಯರ್ ಇತ್ತು.

"ಮಗಾ, ಕ್ರಿಂಪಿಂಗ್ ಟೂಲ್ ತಂದಿಲ್ಲವಾ?"

ಹುಡುಗ ಒಮ್ಮೆ ಉಮ್ಮನನ್ನು, ಒಮ್ಮೆ ನನ್ನನ್ನು ನೋಡಿದ. "ತಂದಿದ್ದೇನೆ ಅಮ್ಮ, ಕೆಳಗೆ ಗಾಡಿಯಲ್ಲಿದೆ" ಎಂದು ಇಳಿದು ಹೋಗಿ ತಂದ. ಉಮ್ಮ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು.

"ಒತ್ತಿದ ಮೇಲೆ ಎಳೆದು ನೋಡು" ಎಂದರು.